ದೆಲ್ಲಾ ವಾಲ್ಲೆಯು ಕಂಡ ಉಳ್ಳಾಲದ ರಾಣಿ

ರೋಮಾಪುರದ ಕುಲೀನ ಮನೆತನದ ಪಿಯೆತ್ರೊ ದೆಲ್ಲಾ ವಾಲ್ಲೆಯು ತುರ್ಕಿ, ಪಾರಸೀಕ ದೇಶಗಳನ್ನು ಸುತ್ತಿ 1623ರ ಕೊನೆಯಲ್ಲಿ ತುಳುನಾಡಿಗೆ ಬಂದನು. ನೇಪಲ್ಸಿನ ಗೆಳೆಯ ಮಾರಿಯೊ ಸ್ಕಿಪಾನೊ ಎಂಬವನಿಗೆ ಅವನು ಬರೆದ ಪತ್ರಗಳಲ್ಲಿ ಭರತಖಂಡಕ್ಕೆ ಸಂಬಂಧಪಟ್ಟವು ಅವನು ತೀರಿಕೊಂಡು 11 ವರ್ಷಗಳಾದ ಮೇಲೆ, 1663ರಲ್ಲಿ, ಅಚ್ಚಾದುವು. ಉಳ್ಳಾಲದ ಅಬ್ಬಕ್ಕರಾಣಿಯನ್ನು ಕುರಿತು ಬರೆಯುವವರು ಈ ಗ್ರಂಥದಿಂದ ಸಾಮಾನ್ಯವಾಗಿ ಒಂದೇ ಮಾತನ್ನು ಎತ್ತಿಕೊಳ್ಳುತ್ತಾರೆ. ರಾಣಿಯು ನೋಟಕ್ಕೆ ಅಡುಗೆಮನೆಯ ಆಳಿನಂತೆಯೋ ಅಗಸಗಿತ್ತಿಯಂತೆಯೋ ಕಂಡಳೆಂಬುದೇ ಆ ಮಾತು. ಕೆಲವರಿಗೆ ಇದು ನಿಂದೆ; ಕೆಲವರಿಗೆ ಸರಳಜೀವನದ ಪ್ರಶಸ್ತಿ. ಇಬ್ಬರೂ ಮಾತನ್ನು ಅದರ ನೆಲೆಯಿಂದ ಕಿತ್ತು ಓದಿದವರೇ ಸರಿ.

ಭೇಟಿಯಾದುದು ಉಳ್ಳಾಲದ ಪಟ್ಟಣದಲ್ಲಲ್ಲ, ರಾಣಿಯು ಆಗ ಬಿಡಾರಮಾಡಿದ್ದ ಮಣೇಲಿನಲ್ಲಿ. ಪ್ರವಾಸಿಯಾದರೋ ಪೋರ್ಚುಗೀಸರ ರಾಯಭಾರದೊಡನೆ ಇಕ್ಕೇರಿಗೆ ಹೋಗಿ ಬಂದವನು. ರಾಣಿಗೂ, ಆಕೆಯು ತೊರೆದ ಪತಿಯಾದ ಬಂಗರಸನಿಗೂ ಹಗೆಯಿದ್ದಿತು. ಬಂಗರಸನ ಬೆಂಬಲಕ್ಕೆ ಪೋರ್ಚುಗೀಸರು, ರಾಣಿಯ ಬೆಂಬಲಕ್ಕೆ ವೆಂಕಟಪ್ಪನಾಯಕ. ಎದುರುಪಕ್ಷದವರ ಸಂಗಡ ಬಂದವನ ಬರಹವೆಂಬುದನ್ನು ಓದುಗರು ಮರೆಯಲಾಗದು.

ಅವನು ಕಂಡುದಾದರೂ ಏನು? ತೋಡುತ್ತಿದ್ದ ಕಾಲುವೆಗಳನ್ನು ನೋಡಲೆಂದು ರಾಣಿಯು ಬರಿಗಾಲಿನಲ್ಲಿ ನಡೆದು ಬರುತ್ತಿದ್ದಾಳೆ. ಸೊಂಟದಿಂದ ಕೆಳಗೆ ಬಿಳಿಯ ಅರಿವೆ, ತಲೆಯ ಮೇಲಿಂದ ಇಳಿಬಿದ್ದ ಇನ್ನೊಂದು ವಸ್ತ್ರ. ಮೇಲೆ ಪರಿವಾರದವರು ಹಿಡಿದ ತಾಳೆಯೋಲೆಯ ಕೊಡೆ. ಇಲ್ಲಿಯೇ ವಿಚಾರಣೀಯವಾದ ಅಂಶವಿದೆ. ನಮ್ಮ ನಾಡಿನವನು ಮೊದಲು ನೋಡುವುದು ಆ ಕೊಡೆಯನ್ನು. ಅರಸುತನದ ಗುರುತು ಅದು. ರೋಮಿನವನು ಕೊಡೆಯನ್ನು ಕಂಡನು, ಬರೆದನು, ಆದರೆ ಅದರ ಅರ್ಥವನ್ನು ಓದಲಿಲ್ಲ. ಅವನ ಕಣ್ಣು ಪಾದರಕ್ಷೆಯನ್ನೂ ಪಟ್ಟೆಯನ್ನೂ ಹುಡುಕುತ್ತಿದ್ದಿತು. ಇದೇ ಪ್ರವಾಸಿಯು ಇಕ್ಕೇರಿಯ ದಾರಿಯಲ್ಲಿ, ಗುಡಿಯ ಜಗಲಿಯ ಮೇಲೆ ಹುಡುಗರು ಮರಳು ಹರಡಿ ಬೆರಳಿನಿಂದ ಅಂಕೆಗಳನ್ನು ಬರೆದು, ರಾಗವಾಗಿ ಹೇಳಿ ಕಲಿಯುವುದನ್ನು ಕಂಡು ಮೆಚ್ಚಿದ್ದನು. ಸಾಧನದ ಬಡತನವು ಅಲ್ಲಿ ಅವನಿಗೆ ಕೊರತೆಯೆನಿಸಲಿಲ್ಲ. ರಾಜಪದವಿಯ ಮಾತು ಬಂದಾಗ ಮಾತ್ರ ಅವನ ಅಳತೆಗೋಲು ಯೂರೋಪಿನ ಆಸ್ಥಾನದ್ದಾಯಿತು.

ಆದರೂ ಅವನು ಸತ್ಯನಿಷ್ಠ ಲೇಖಕನು. ರಾಣಿಯು ಅವನನ್ನು ನಿಲ್ಲಿಸಿ, ಯಾವ ಯಾವ ದೇಶಗಳನ್ನು, ಯಾವ ದೊರೆಗಳನ್ನು ಕಂಡೆಯೆಂದು ವಿಚಾರಿಸಿದೊಡನೆ, ಆ ನುಡಿಯಲ್ಲಿ ಉದಾತ್ತವಾದ ಬುದ್ಧಿಯಿದೆಯೆಂದು ಒಪ್ಪಿಕೊಂಡನು. ಆ ನುಡಿಯೂ ದುಭಾಷಿಯ ಬಾಯಿಂದ ಸೋಸಿ ಬಂದುದೆಂಬುದನ್ನು ನೆನೆದರೆ ಒಪ್ಪಿಗೆಯ ತೂಕ ಹೆಚ್ಚುವುದು. ಅಗಸಗಿತ್ತಿಯ ಹೋಲಿಕೆಯೂ ಈ ಒಪ್ಪಿಗೆಯೂ ಕೂಡಿಯೇ ನಿಂತಿವೆ. ಹೊಂದದ ಎರಡು ಮಾತುಗಳಲ್ಲಿ ಒಂದನ್ನು ಅವನು ಮುಚ್ಚಿಡಲಿಲ್ಲ. ಪತ್ರದ ಬೆಲೆಯೆಲ್ಲ ಇದರಲ್ಲಿದೆ. ರಾಜಕುಮಾರ ಚೆಲುವರಾಯನ ಮನೆಯ ಊಟದ ವರ್ಣನೆ ಸೊಗಸಾಗಿದ್ದರೂ ಅಲ್ಲಿ ಕುತೂಹಲವೇ ಹೆಚ್ಚು.

ಇನ್ನೊಂದು ಸಂಗತಿ. ರಾಣಿಗೆ ನೋಟಕ್ಕೆ ನಲವತ್ತು ಮೀರಿರಲಾರದೆಂದು ಅವನ ಅಂದಾಜು. ಅಂದಾಜಿನಲ್ಲಿ ಹತ್ತು ಹದಿನೈದು ವರ್ಷ ತಪ್ಪಿದ್ದರೂ, 1568ರ ಕಾಳಗದ ಕಾಲಕ್ಕೆ ಈಕೆ ಹುಟ್ಟಿದ್ದರೆ ಕೂಸು. ಪೋರ್ಚುಗೀಸರನ್ನು ಆಗ ಎದುರಿಸಿದ ಅಬ್ಬಕ್ಕನ ಚರಿತ್ರೆಗೆ ಈ ಪತ್ರದ ಚಿತ್ರವನ್ನು ಅಂಟಿಸುವ ವಾಡಿಕೆಯನ್ನು ಪಾಠಪುಸ್ತಕ ಬರೆಯುವವರು ಬಿಡಬೇಕು. ಮಣೇಲಿನಲ್ಲಿ ಕಾಲುವೆಯ ಕೆಲಸವನ್ನು ನೋಡುತ್ತಿದ್ದವಳು ಚೌಟರ ಗದ್ದುಗೆಗೆ ಅನಂತರ ಬಂದ, ಅದೇ ಹೆಸರಿನ ಇನ್ನೊಬ್ಬ ಅರಸಿ.