ಒಂದೇ ಹೆಸರಿನ ಇಬ್ಬರು ವಿಡಂಬನಕಾರರು

ಬಟ್ಲರ್ ಎಂದೊಡನೆ ನಮ್ಮ ಜನಕ್ಕೆ ನೆನಪಾಗುವುದು ದೊರೆಗಳ ಬಂಗಲೆಯ ಅಡಿಗೆಯವನು, ಅವನ ಹರಕುಮುರುಕು ಇಂಗ್ಲಿಷು. ಮೂಲದಲ್ಲಿ ಇದು ಫ್ರೆಂಚಿನಿಂದ ಬಂದ ಪದ. ದೊಡ್ಡ ಮನೆಗಳಲ್ಲಿ ಮದ್ಯದ ಸೀಸೆಗಳ ಉಸ್ತುವಾರಿ ನೋಡುವವನೆಂದು ಅರ್ಥ. ಕುಲಕರ್ಣಿ, ದೇಸಾಯಿ ಎಂಬ ಹುದ್ದೆಗಳು ನಮ್ಮಲ್ಲಿ ಮನೆತನದ ಹೆಸರಾದಂತೆ ಇಂಗ್ಲೆಂಡಿನಲ್ಲಿ ಇದೂ ಮನೆತನದ ಹೆಸರಾಯಿತು. 1944ರ ಶಿಕ್ಷಣ ಶಾಸನವನ್ನು ತಂದ ಮಂತ್ರಿ ಆರ್. ಎ. ಬಟ್ಲರರನ್ನು ಉಪಾಧ್ಯಾಯರು ಬಲ್ಲರು. ಆದರೆ ಸಾಹಿತ್ಯದ ಅಭ್ಯಾಸಿಗಳನ್ನು ತೊಡಕಿಗೆ ಸಿಕ್ಕಿಸುವವರು ಇಬ್ಬರು ಸ್ಯಾಮ್ಯುಯೆಲ್ ಬಟ್ಲರರು. ಇಬ್ಬರೂ ವಿಡಂಬನಕಾರರೇ. ಹಾಗಾದರೆ ಇಬ್ಬರ ನಗೆಯೂ ಒಂದೇ ತೂಕದ್ದೇ?

ಮೊದಲನೆಯವನು (1613–1680) 'ಹ್ಯೂಡಿಬ್ರಾಸ್' ಕಾವ್ಯದ ಕರ್ತೃ. ಅದು 1663ರಿಂದ 1678ರವರೆಗೆ ಮೂರು ಭಾಗಗಳಲ್ಲಿ ಹೊರಬಂತು. ಪ್ಯೂರಿಟನ್ನರ ಮಡಿವಂತಿಕೆಯನ್ನೂ ವಿತಂಡವಾದವನ್ನೂ ಗಿಡ್ಡ ಸಾಲುಗಳ ಕುಣಿಯುವ ಪ್ರಾಸಗಳಲ್ಲಿ ಅವನು ಹಾಸ್ಯಕ್ಕೀಡುಮಾಡಿದ. ಅವನ ಪದಚಾತುರ್ಯಕ್ಕೆ ನಾವು ತಲೆದೂಗುತ್ತೇವೆ. ಆದರೆ 1660ರಲ್ಲಿ ಅರಸೊತ್ತಿಗೆ ಮರಳಿ, ಪ್ಯೂರಿಟನ್ನರು ಆಗಲೇ ಸೋತಿದ್ದರು. ಬಿದ್ದವರನ್ನು ಕಂಡು ನಗುವುದಕ್ಕೆ ಆಸ್ಥಾನದ ಚಪ್ಪಾಳೆ ಸುಲಭವಾಗಿ ಸಿಕ್ಕಿತು. ಹಾಗಿದ್ದರೂ ಕವಿ ಬಡತನದಲ್ಲೇ ತೀರಿಕೊಂಡ; ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅವನಿಗೆ ಸ್ಮಾರಕಶಿಲೆ ನಿಂತದ್ದು 1721ರಲ್ಲಿ.

ಎರಡನೆಯವನು (1835–1902) ಪಾದ್ರಿಯ ಮಗ. ಡಾರ್ವಿನ್ ಓದಿದ ಶ್ರೂಸ್‌ಬರಿ ಶಾಲೆಯ ಮುಖ್ಯೋಪಾಧ್ಯಾಯನ ಮೊಮ್ಮಗ. 1872ರ 'ಎರೆವ್ಹಾನ್' ಕಾದಂಬರಿಯಲ್ಲಿ ಅವನು ಒಂದು ತಲೆಕೆಳಗಾದ ನಾಡನ್ನು ಕಟ್ಟಿದ. ಅಲ್ಲಿ ಕಾಯಿಲೆ ಬಿದ್ದವನಿಗೆ ಸೆರೆಮನೆ, ಹಣ ಲಪಟಾಯಿಸಿದವನಿಗೆ ಉಪಚಾರ. 'ದಿ ವೇ ಆಫ್ ಆಲ್ ಫ್ಲೆಶ್' ಕಾದಂಬರಿಯಲ್ಲಂತೂ ತಾನು ಹುಟ್ಟಿದ ಪಾದ್ರಿಮನೆಯಂಥದೇ ಮನೆಯನ್ನೂ ಅಲ್ಲಿನ ತಂದೆಯ ದರ್ಪವನ್ನೂ ಬಯಲಿಗೆಳೆದ. ಅದರ ಡಾಕ್ಟರ್ ಸ್ಕಿನ್ನರ್ ಮಹಾಪಂಡಿತ, ಆದರೆ ಹುಡುಗರ ಪಾಲಿಗೆ ಗುಮ್ಮ. ಮುಖ್ಯೋಪಾಧ್ಯಾಯರಾದ ನಮಗೆ ಆ ಪುಟಗಳು ಚುಚ್ಚದೆ ಇರವು. ಬದುಕಿರುವಾಗ ಅದನ್ನು ಅಚ್ಚಿಗೆ ಕೊಡದೆ ಇದ್ದದ್ದು ಅವನ ಧೈರ್ಯದ ಕೊರತೆಯೆನ್ನಬಹುದು. ಅದು ಬೆಳಕು ಕಂಡದ್ದು 1903ರಲ್ಲಿ. ಹಾಗೆಂದು ಆ ನಗೆಯ ಸತ್ಯಕ್ಕೆ ಕುಂದಿಲ್ಲ.

ಪರರ ಮನೆಯ ಕಸವನ್ನು ಬೆರಳಿಟ್ಟು ತೋರಿಸುವ ವಿಡಂಬನೆ, ಆ ಕಾಲದ ಜಗಳ ತೀರಿದ ಮೇಲೆ ಟಿಪ್ಪಣಿಯಿಲ್ಲದೆ ಅರ್ಥವಾಗದು. ತನ್ನ ಅಂಗಳವನ್ನೇ ಗುಡಿಸುವ ವಿಡಂಬನೆ ಎಲ್ಲರ ಅಂಗಳಕ್ಕೂ ಸಲ್ಲುತ್ತದೆ. ಆದುದರಿಂದ ನಾವು ಎರಡನೆಯವನನ್ನೇ ದೊಡ್ಡವನೆಂದು ಎಣಿಸುತ್ತೇವೆ. ವಿದ್ಯಾರ್ಥಿಗಳಿಗೆ ಹಾಸ್ಯದ ಪಾಠ ಹೇಳುವಾಗ, ಲೇಖಕನು ಎಷ್ಟು ನಗಿಸಿದ ಎಂಬುದರೊಡನೆ ಯಾರನ್ನು ಕುರಿತು ನಕ್ಕ ಎಂಬುದನ್ನೂ ಕೇಳಿಸುವುದು ಉಪಾಧ್ಯಾಯರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.