ಕುಣಿವ ಕಾಲು, ದುಡಿವ ಕಾಲು

1985ರ ತೆಲುಗು ಚಿತ್ರ ‘ಮಯೂರಿ’ಯಲ್ಲಿ ಸುಧಾ ಚಂದ್ರನ್ ನಟಿಸಿದ್ದು ತಮ್ಮದೇ ಕಥೆಯನ್ನು. 1981ರ ಅಪಘಾತದಿಂದ ಕಾಲು ಕಳಕೊಂಡವಳು ಜೈಪುರ ಕಾಲು ಕಟ್ಟಿಕೊಂಡು ಕುಣಿಯುತ್ತಾಳೆ. ಆ ಛಲದ ಬಗ್ಗೆ ತಕರಾರಿಲ್ಲ. ಆದರೆ ಒಕ್ಕಣೆ ಮಿಷನ್ನಿಗೆ ಕಾಲು ಕೊಟ್ಟ ಕೂಲಿ ಅಪ್ಪನಿಗೆ ಯಾವ ರಂಗಸ್ಥಳ? ಅವನಿಗೆ ಬೇಕಾದ್ದು ಕುಕ್ಕರಗಾಲಲ್ಲಿ ಕೂರೋದು, ಕೆಸರಿಗಿಳಿಯೋದು. ಬೂಟು ಬೇಡದ ಆ ರಬ್ಬರ್ ಪಾದದ ಹೆಚ್ಚುಗಾರಿಕೆಯೂ ಅದೇ. ಡಾ. ಪಿ.ಕೆ. ಸೇಠಿ ಜೊತೆ ಅದನ್ನು ರೂಪಿಸಿದವನು ಕಸುಬುದಾರ ರಾಮಚಂದ್ರ ಶರ್ಮ. 1981ರಲ್ಲಿ ಮ್ಯಾಗ್ಸೆಸೆ ಬಂದದ್ದು ಮಾತ್ರ ಡಾಕ್ಟರಿಗೆ! (ಕೈಗೂ ಡಿಗ್ರಿಗೂ ಇರೋ ಅಂತರ ಹಳೇದೇ.)

ಇನ್ನು, ಕಾಲು ಪುಕ್ಕಟೆ ಸಿಕ್ಕರೂ ಮೋಟುಗಾಲಿನ ಬಾವು ಇಳಿಯೋ ತನಕ ಪಟ್ಟಿ ಸುತ್ತಬೇಕು, ಅಳತೆಗೆ ಅಲೀಬೇಕು, ಅಪ್ಪನಿಗೆ ಹೆಗಲು ಕೊಟ್ಟು ಬಸ್ಸು ಹತ್ತಿಸಬೇಕು. ಅಷ್ಟು ದಿನದ ಮಗಳ ಕೂಲಿ ಯಾರು ಕೊಡ್ತಾರೆ?