ಕಾಗುಣಿತ ಯಾವುದು, ಶೈಲಿ ಯಾವುದು: ಡ್ರಮ್ ನೊಟೇಶನ್ ಕುರಿತು ಒಂದು ಜಗಳ

ಪಾಶ್ಚಾತ್ಯ ಸಂಗೀತದ ಐದು ಗೆರೆಗಳ ಮೇಲೆ ಒಂದು ಚುಕ್ಕೆ ಇಟ್ಟರೆ, ಅದೇ ಕ್ಲೆಫ್ ಓದುವ ಪಿಯಾನೋದವರಿಗೂ ಪಿಟೀಲಿನವರಿಗೂ ಅದು ಒಂದೇ ಸ್ವರ. ಡ್ರಮ್ ಸೆಟ್ಟಿಗೆ ಬಂದ ಕೂಡಲೇ ಈ ಒಪ್ಪಂದ ಸಡಿಲವಾಗುತ್ತದೆ. ಅಲ್ಲಿ ಗೆರೆಗಳು ಸ್ವರದ ಎತ್ತರ ಹೇಳುವುದಿಲ್ಲ, ಯಾವುದನ್ನು ಹೊಡೆಯಬೇಕು ಎಂಬುದನ್ನಷ್ಟೇ ಹೇಳುತ್ತವೆ. ತೀರಾ ಕೆಳಗಿನ ಎಡೆಯಲ್ಲಿ ಬೇಸ್ ಡ್ರಮ್, ಕೆಳಗಿನಿಂದ ಮೂರನೆಯ ಎಡೆಯಲ್ಲಿ ಸ್ನೇರ್, ಗೆರೆಗಳೆಲ್ಲ ಮುಗಿದ ಮೇಲೆ ಕತ್ತರಿ ಗುರುತಿನ ಹೈ-ಹ್ಯಾಟ್. ಇವೆಲ್ಲ ಬಳಕೆಯಿಂದ ಬಂದವು. ಬಳಕೆಯಿಂದ ಬಂದದ್ದನ್ನು ಯಾರು ಬೇಕಾದರೂ ಬದಲಿಸಬಹುದು, ಬದಲಿಸಿಯೂ ಇದ್ದಾರೆ. ಮ್ಯೂಸ್‌ಸ್ಕೋರ್, ಸಿಬೇಲಿಯಸ್, ಡೊರಿಕೊದಂಥ ತಂತ್ರಾಂಶಗಳು ಬಂದ ಮೇಲೆ ಆ ಬದಲಾವಣೆಗೆ ನಾಲ್ಕು ಕ್ಲಿಕ್ ಸಾಕು.

ನನ್ನ ಸಂಶೋಧನೆ ಗ್ರಂಥಸಂಪಾದನೆಯ ಕುರಿತದ್ದು. ಡ್ರಮ್ ವಾರಾಂತ್ಯದ ಹವ್ಯಾಸ. ಎರಡಕ್ಕೂ ಸಂಬಂಧವಿಲ್ಲವೆಂದೇ ಮೊದಲು ಎಣಿಸಿದ್ದೆ. ಕಳೆದ ವರ್ಷ ಒಂದು ಕಾಲೇಜು ಉತ್ಸವಕ್ಕೆಂದು ನಮ್ಮ ತಂಡಕ್ಕೆ ಬಂದ ಹಾಳೆಯಲ್ಲಿ ತೀರಾ ಮೇಲಿನ ಗೆರೆಯ ಮೇಲೆ ಕತ್ತರಿ ಗುರುತುಗಳ ಸಾಲು ಇತ್ತು. ನಾನು ಅದನ್ನು ರೈಡ್ ಸಿಂಬಲ್ ಎಂದೆ. ಜೊತೆಗಿದ್ದ ಇನ್ನೊಬ್ಬ ಡ್ರಮ್ಮರ್ ಹೈ-ಹ್ಯಾಟ್ ಎಂದ. ಅವನು ಕಲಿತ ಪುಸ್ತಕದಲ್ಲಿ ಅದು ಹಾಗೇ ಇತ್ತಂತೆ. ಹಾಳೆಯಲ್ಲಿ ಗುರುತುಗಳ ವಿವರಣೆ ಇಲ್ಲ, ಬರೆದವರು ಊರಲ್ಲಿಲ್ಲ, ಇದ್ದದ್ದು ಒಂದೇ ರಿಹರ್ಸಲ್. ಪಾಠಾಂತರ ಎಂದರೇನು ಎಂದು ಆ ಸಂಜೆ ಚೆನ್ನಾಗಿ ಮನದಟ್ಟಾಯಿತು.

ಈ ಗೊಂದಲವನ್ನು ಬಗೆಹರಿಸುವ ಗಂಭೀರ ಪ್ರಯತ್ನ ನಡೆದದ್ದು ಅಮೆರಿಕದಲ್ಲಿ. ನಾರ್ಮನ್ ವೈನ್‌ಬರ್ಗ್ ಎಂಬ ತಾಳವಾದ್ಯ ಪ್ರಾಧ್ಯಾಪಕ ಪ್ರಕಟಿತ ಪುಸ್ತಕಗಳನ್ನೂ ಸ್ಕೋರುಗಳನ್ನೂ ತುಲನೆ ಮಾಡಿ, ಹೆಚ್ಚು ರೂಢಿಯಲ್ಲಿದ್ದುದನ್ನು ಆಧಾರವಾಗಿಟ್ಟುಕೊಂಡು ಒಂದು ಕೈಪಿಡಿ ಬರೆದರು. ಪರ್ಕಸಿವ್ ಆರ್ಟ್ಸ್ ಸೊಸೈಟಿ ಅದನ್ನು 1998ರಲ್ಲಿ ಪ್ರಕಟಿಸಿತು. ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಒಂದು ಪಾಠ ನಿರ್ಧರಿಸುವ ನಮ್ಮ ಕೆಲಸಕ್ಕೆ ಇದು ತೀರಾ ಹತ್ತಿರ. ಒಂದು ವ್ಯತ್ಯಾಸವಿದೆ: ಅಲ್ಲಿ ಮೂಲಕವಿ ಇಲ್ಲ. ಬಹುಮತವೇ ಮೂಲ.

ಅದಕ್ಕೂ ಮೊದಲು ಇನ್ನೊಂದು ದಿಕ್ಕಿನಿಂದ ಬೇರೊಂದು ಏಕರೂಪತೆ ಬಂದಿತ್ತು. 1991ರ ಜನರಲ್ ಮಿಡಿ ಮಾನದಂಡ ತಾಳವಾದ್ಯಗಳಿಗೆ ಹತ್ತನೆಯ ಚಾನೆಲ್ ಮೀಸಲಿಟ್ಟು, 35ರಿಂದ 81ರವರೆಗೆ ಒಂದೊಂದು ಸದ್ದಿಗೂ ಒಂದೊಂದು ಅಂಕಿ ಕೊಟ್ಟಿತು. ಬೇಸ್ ಡ್ರಮ್ 36, ಸ್ನೇರ್ 38. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಹೈ-ಹ್ಯಾಟ್ ಎಂಬ ಒಂದೇ ವಾದ್ಯಕ್ಕೆ ಮಿಡಿಯಲ್ಲಿ ಮೂರು ಅಂಕಿಗಳಿವೆ: ಮುಚ್ಚಿ ಹೊಡೆದರೆ 42, ಕಾಲಿನಿಂದ ತುಳಿದರೆ 44, ತೆರೆದು ಹೊಡೆದರೆ 46. ಯಂತ್ರಕ್ಕೆ ಇವು ಮೂರು ಬೇರೆ ಸದ್ದುಗಳು. ಕಾಗದದ ಮೇಲಿನ ರೂಢಿ ಬೇರೆ. ಮುಚ್ಚಿದ್ದೂ ತೆರೆದದ್ದೂ ಒಂದೇ ಜಾಗದಲ್ಲಿರುತ್ತವೆ, ತೆರೆದದ್ದರ ತಲೆಯ ಮೇಲೆ ಒಂದು ಸಣ್ಣ ಸೊನ್ನೆ ಬೀಳುತ್ತದೆ. ಕಾಲಿನದ್ದು ಮಾತ್ರ ಗೆರೆಗಳ ಕೆಳಗೆ, ದೂರದಲ್ಲಿ. ಅಂದರೆ ಯಂತ್ರ ಕಿವಿಯ ಲೆಕ್ಕದಲ್ಲಿ ಬರೆಯುತ್ತದೆ, ಮನುಷ್ಯರು ಕೈಕಾಲಿನ ಲೆಕ್ಕದಲ್ಲಿ ಬರೆಯುತ್ತಾರೆ. ಮಿಡಿ ಕಡತವೊಂದನ್ನು ಹಾಗೇ ಸ್ಕೋರಾಗಿ ತೆರೆದಾಗ ಎಷ್ಟೋ ಸಲ ಸದ್ದೆಲ್ಲ ಸರಿಯಿದ್ದೂ ಓದಲು ಆಗದ ಪುಟ ಸಿಗುವುದು ಈ ಕಾರಣಕ್ಕೆ.

2004ರಲ್ಲಿ ಮೈಕೆಲ್ ಗುಡ್ ಹೊರತಂದ ಮ್ಯೂಸಿಕ್‌ಎಕ್ಸ್‌ಎಂಎಲ್ ಎಂಬ ಕಡತ ರೂಪ ಈ ಗಂಟನ್ನು ಜಾಣತನದಿಂದ ಬಿಡಿಸುತ್ತದೆ. ಅದರಲ್ಲಿ ಡ್ರಮ್ಮಿನ ಒಂದು ಪೆಟ್ಟು ಯಾವ ವಾದ್ಯದ್ದು ಎಂಬುದು ಒಂದು ಕಡೆ, ಗೆರೆಗಳ ಮೇಲೆ ಎಲ್ಲಿ ಕಾಣಬೇಕು ಎಂಬುದು ಇನ್ನೊಂದು ಕಡೆ ದಾಖಲಾಗುತ್ತದೆ. ಕನ್ನಡ ಟೈಪ್ ಮಾಡಿದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಅಕ್ಷರವೂ ಅದರ ಆಕಾರವೂ ಒಂದೇ ಫಾಂಟಿಗೆ ಅಂಟಿಕೊಂಡಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಮ್ಮ ಲೇಖನ ಚಿತ್ರವಿಚಿತ್ರ ಗುರುತುಗಳ ರಾಶಿಯಾಗುತ್ತಿತ್ತು. ಅಕ್ಷರ ಬೇರೆ, ಅದರ ರೂಪ ಬೇರೆ ಎಂದಾದ ಮೇಲೆ ಫಾಂಟ್ ಅವರವರ ಇಷ್ಟಕ್ಕೆ ಬಿಟ್ಟದ್ದಾಯಿತು.

ಹಾಗಾದರೆ ಡ್ರಮ್ಮಿಗೂ ಇದೇ ದಾರಿ ಅಲ್ಲವೇ? ಬರೆಯುವವರು ತಮಗೆ ಬೇಕಾದಂತೆ ಬರೆಯಲಿ, ಓದುವವರು ತಮಗೆ ಅಭ್ಯಾಸವಿರುವಂತೆ ತೆರೆದುಕೊಳ್ಳಲಿ. ಡೊರಿಕೊ ಈ ದಿಕ್ಕಿನಲ್ಲಿ ಬಹುದೂರ ಹೋಗಿದೆ. ಒಂದೇ ಸಂಗೀತವನ್ನು ಐದು ಗೆರೆಗಳಲ್ಲಾಗಲಿ, ಗ್ರಿಡ್ ರೂಪದಲ್ಲಾಗಲಿ, ವಾದ್ಯಕ್ಕೊಂದು ಗೆರೆಯಂತಾಗಲಿ ಅದು ತೋರಿಸಬಲ್ಲದು. ಇದನ್ನು ಮೆಚ್ಚಿಯೂ ನನ್ನ ತಕರಾರು ಒಂದು ಉಳಿಯುತ್ತದೆ. ಡ್ರಮ್ ಪುಟದಲ್ಲಿ ಎಲ್ಲವೂ ಫಾಂಟಿನಂತಲ್ಲ. ಕೆಲವು ಆಯ್ಕೆಗಳಲ್ಲಿ ಅರ್ಥವೇ ಅಡಗಿದೆ.

ಕಡ್ಡಿಗಳ ದಿಕ್ಕನ್ನು ತೆಗೆದುಕೊಳ್ಳಿ. ಕೈಗಳು ಬಾರಿಸುವುದಕ್ಕೆಲ್ಲ ಕಡ್ಡಿ ಮೇಲಕ್ಕೆ, ಕಾಲುಗಳದ್ದಕ್ಕೆಲ್ಲ ಕೆಳಕ್ಕೆ ಎಳೆದು ಎರಡು ಸಾಲಾಗಿ ಬರೆಯುವುದು ಒಂದು ಪದ್ಧತಿ. ಎಲ್ಲ ಕಡ್ಡಿಗಳನ್ನೂ ಒಂದೇ ದಿಕ್ಕಿಗೆ ಎಳೆದು ಒಂದೇ ಸಾಲಾಗಿ ಬರೆಯುವುದು ಇನ್ನೊಂದು. ಸದ್ದಿನಲ್ಲಿ ಕಿಂಚಿತ್ತೂ ವ್ಯತ್ಯಾಸವಿಲ್ಲ. ಆದರೆ ಮೊದಲನೆಯದು ಒಂದು ದೇಹ ಎರಡು ಸಂಭಾಷಣೆ ನಡೆಸುತ್ತಿದೆ ಎನ್ನುತ್ತದೆ. ಎರಡನೆಯದು ಕೈಕಾಲು ಸೇರಿ ಒಂದೇ ವಾಕ್ಯ ಎನ್ನುತ್ತದೆ. ಸ್ನೇರ್ ಮತ್ತು ಬೇಸ್ ಡ್ರಮ್ ನಡುವೆ ಹರಿದಾಡುವ ಫಂಕ್ ಲಯವನ್ನು ಎರಡು ಸಾಲಾಗಿ ಒಡೆದರೆ ನಡುವೆಲ್ಲ ವಿರಾಮದ ಗುರುತುಗಳು ತುಂಬಿಕೊಂಡು ವಾಕ್ಯವೇ ಕಾಣೆಯಾಗುತ್ತದೆ. ಕೈಕಾಲುಗಳ ಸ್ವಾತಂತ್ರ್ಯ ಕಲಿಸುವ ಅಭ್ಯಾಸವನ್ನು ಒಂದೇ ಸಾಲಿಗೆ ಇಳಿಸಿದರೆ ಪಾಠದ ಉದ್ದೇಶವೇ ಮಾಯ. ಇದು ಸಂಪಾದಕ ಹಳಗನ್ನಡ ಗದ್ಯಕ್ಕೆ ಹಾಕುವ ಅಲ್ಪವಿರಾಮದಂಥದ್ದು: ಅಕ್ಷರ ಬದಲಾಗುವುದಿಲ್ಲ, ಅನ್ವಯ ಬದಲಾಗುತ್ತದೆ.

ಆದ್ದರಿಂದ ಇಡೀ ಚರ್ಚೆ ತಪ್ಪು ಜಾಗದಲ್ಲಿ ಗೆರೆ ಎಳೆದುಕೊಂಡಿದೆ ಎಂದು ನನಗನ್ನಿಸುತ್ತದೆ. ಸ್ನೇರ್ ಎಲ್ಲಿ ಕೂರಬೇಕು ಎಂಬುದು ಕಾಗುಣಿತ. ಅಲ್ಲಿ ಸ್ವಂತಿಕೆ ತೋರುವುದರಲ್ಲಿ ನನಗೆ ಯಾವ ಹಿರಿಮೆಯೂ ಕಾಣುವುದಿಲ್ಲ. ವೈನ್‌ಬರ್ಗ್ ಹೇಳಿದ ಕಡೆ ಕೂರಲಿ. ಕಡ್ಡಿ, ಗುಂಪು, ಮೆಲುಪೆಟ್ಟುಗಳಿಗೆ ಹಾಕುವ ಆವರಣ ಇವೆಲ್ಲ ಶೈಲಿ. ಅವನ್ನು ಓದುಗರ ಅನುಕೂಲಕ್ಕೆಂದು ತಂತ್ರಾಂಶ ತಾನಾಗಿ ಬದಲಿಸಬಾರದು. ನಾನು ಬಳಸಿರುವ ತಂತ್ರಾಂಶಗಳ ಸೆಟ್ಟಿಂಗ್ಸ್ ಕಿಟಕಿಗಳು ಈ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುತ್ತವೆ. ಹೊಸಬರು ಎರಡನ್ನೂ ಒಂದೇ ಬಗೆಯ ರುಚಿ ಎಂದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಈ ಗೆರೆಯೂ ಎಲ್ಲ ಕಡೆ ನಿಲ್ಲುವುದಿಲ್ಲ, ನಿಜ. ಬ್ರಷ್‌ನಿಂದ ಸ್ನೇರ್‌ನ ಚರ್ಮವನ್ನು ಸವರುತ್ತ ಹೋಗುವ ಜಾಝ್ ಡ್ರಮ್ಮರ್‌ನ ಸದ್ದಿಗೆ ಪೆಟ್ಟು ಎಂಬ ಬಿಂದುವೇ ಇಲ್ಲ. ಅದನ್ನು ಕಲಿಸುವ ಪುಸ್ತಕಗಳು ವೃತ್ತ ಬರೆದು ಒಳಗೆ ಬಾಣಗಳನ್ನು ಹಾಕುತ್ತವೆ. ಕ್ಸೆನಾಕಿಸ್ 1975ರ ‘ಸಾಫಾ’ದಲ್ಲಿ ಗೆರೆಗಳನ್ನೇ ಬಿಟ್ಟು ಗ್ರಿಡ್ ಮೇಲೆ ಚುಕ್ಕೆಗಳನ್ನಿಟ್ಟ, ಯಾವ ವಾದ್ಯ ಎಂಬುದನ್ನು ಬಹುಪಾಲು ವಾದಕರಿಗೇ ಬಿಟ್ಟ. ತಮಾಷೆಯೆಂದರೆ, ಕೆಲವು ವಾದಕರು ಆ ಚುಕ್ಕೆಗಳನ್ನು ಮತ್ತೆ ಮಾಮೂಲಿ ಗೆರೆಗಳಿಗೆ ಇಳಿಸಿ ಬರೆದುಕೊಂಡೇ ಕೃತಿಯನ್ನು ಕಲಿಯುತ್ತಾರೆ.

ಸ್ವಂತ ವಿನ್ಯಾಸದ ಇನ್ನೊಂದು ಅಪಾಯ ಕಾಲದ್ದು. 1988ರಲ್ಲಿ ಬಂದ ಫಿನಾಲೆ ತಂತ್ರಾಂಶವನ್ನು ನಿಲ್ಲಿಸುವುದಾಗಿ ಅದರ ತಯಾರಕರು 2024ರ ಆಗಸ್ಟಿನಲ್ಲಿ ಘೋಷಿಸಿದರು. ದಶಕಗಳಿಂದ ಅದರಲ್ಲೇ ತಮ್ಮದೇ ಡ್ರಮ್ ವಿನ್ಯಾಸ ಕಟ್ಟಿಕೊಂಡವರು ಈಗ ಕಡತಗಳನ್ನು ಮ್ಯೂಸಿಕ್‌ಎಕ್ಸ್‌ಎಂಎಲ್‌ಗೆ ಇಳಿಸಿ ಬೇರೆಡೆ ಸಾಗಿಸಬೇಕು. ಅಂಥ ಸಾಗಣೆಯಲ್ಲಿ ಏನಾದರೂ ಕದಲಿದರೆ, ಮೊದಲ ಪುಟದಲ್ಲಿ ಗುರುತುಗಳ ವಿವರಣೆ ಅಚ್ಚಾಗಿದ್ದವರು ಸರಿಪಡಿಸಿಕೊಳ್ಳಬಹುದು. ವಿವರಣೆ ಬರೆದವರ ತಲೆಯಲ್ಲಷ್ಟೇ ಇದ್ದರೆ ಅವರನ್ನೇ ಹುಡುಕಿಕೊಂಡು ಹೋಗಬೇಕು.

ನಮ್ಮ ಕಡೆಯ ಮಾತೊಂದಿದೆ. ಜನರಲ್ ಮಿಡಿಯ ಸ್ವರವಾದ್ಯಗಳ ಪಟ್ಟಿಯಲ್ಲಿ ಸಿತಾರ್ ಇದೆ, ಶಹನಾಯಿ ಇದೆ. ತಾಳವಾದ್ಯಗಳ ಪಟ್ಟಿಯಲ್ಲಿ ಬೊಂಗೊ, ಕೊಂಗಾ ಇವೆ. ಮೃದಂಗವೂ ಇಲ್ಲ, ತಬಲಾವೂ ಇಲ್ಲ. ಡ್ರಮ್ ಸೆಟ್ಟನ್ನೂ ಮೃದಂಗವನ್ನೂ ಒಂದೇ ಸ್ಕೋರಿನಲ್ಲಿ ಬರೆಯಹೊರಟ ಬೆಂಗಳೂರಿನ ಹುಡುಗಿಯೊಬ್ಬಳಿಗೆ ಅನುಸರಿಸಬೇಕೋ ಮುರಿಯಬೇಕೋ ಎಂದು ಯೋಚಿಸಲು ಅಲ್ಲಿ ಅಂಕಿಯೇ ಇಲ್ಲ. ‘ಚಾಪು’ ಯಾವ ಗೆರೆಯ ಮೇಲೆ ಕೂರಬೇಕು ಎಂಬುದನ್ನು ಅವಳೇ ತೀರ್ಮಾನಿಸಿ, ಮೊದಲ ಪುಟದಲ್ಲೇ ಬರೆದಿಡಬೇಕು.